ಆಲದ ಮರದ ಡಬ್ಬಿ

ಎಲೆ ಅಡಿಕೆ ಹಾಕಿಕೊಂಡು ಜಗಲಿಯ ಕಂಬಕ್ಕೆ ಒರಗಿದರೆ ನಮ್ಮಜ್ಜಿಯ ಬಾಯಲ್ಲಿ ಕಾಗೋಡಿನ ಸುದ್ದಿ ಬಾರದೆ ಇರುತ್ತಿರಲಿಲ್ಲ. ಕೇಳಿ ಕೇಳಿ, ಅದನ್ನು ನಾನೇ ಕಂಡೆನೋ ಅಜ್ಜಿಯ ಬಾಯಲ್ಲಿ ಕಂಡೆನೋ, ಈಗ ಬಿಡಿಸಿ ಹೇಳಲಾರೆ. ಸಾಗರ ಸೀಮೆಯ ಆ ಊರಲ್ಲಿ ಆಗ ಜಗಳವಿದ್ದದ್ದು ಕೊಳಗದ ಮೇಲೆ. ಹೆಸರಿಗೆ ಮೂರು ಸೇರು. ಗೇಣಿ ಅಳೆಯಲು ಕಣಕ್ಕೆ ಬರುತ್ತಿದ್ದ ಕೊಳಗದ ಹೊಟ್ಟೆ ಮಾತ್ರ ಅದಕ್ಕಿಂತ ದೊಡ್ಡದು. 1951ರ ಬೇಸಗೆಯಲ್ಲಿ ಗೇಣಿದಾರರು ತಿರುಗಿಬಿದ್ದರು. ಗಣಪತಿಯಪ್ಪನವರು ಮುಂದೆ, ಜೊತೆಗೆ ಸೋಷಲಿಸ್ಟರು. ಅವರ ನಾಯಕ ಲೋಹಿಯಾ ಅವರೂ ಬಂದು ಬಂಧಿತರಾದರು. ಅಜ್ಜಿಗೆ ಆ ಹೆಸರು ಕೊನೆಯವರೆಗೂ ‘ಲೋಯಪ್ಪ’.

ಅದರ ಬೆನ್ನಿಗೇ ಬಂತು ಮೊದಲ ಚುನಾವಣೆ. ಸೋಷಲಿಸ್ಟರಿಂದ ಶಾಂತವೇರಿ ಗೋಪಾಲಗೌಡರು ನಿಂತಿದ್ದರು. ತೀರ್ಥಹಳ್ಳಿ ಕಡೆಯವರು, ಇನ್ನೂ ಮೂವತ್ತು ತುಂಬಿರಲಿಲ್ಲ, ಕೈಯಲ್ಲಿ ಕಾಸಿಲ್ಲ. ‘ಒಂದು ಓಟು, ಒಂದು ನೋಟು’ ಅಂತ ಕೇಳುತ್ತಾ ಪಕ್ಷದ ಹುಡುಗರು ನಮ್ಮ ಮನೆಗೂ ಬಂದರು. ಮೈ ಕೊರೆಯುವ ಚಳಿ. ಅಂಗಳದಲ್ಲಿ ಬೆಂಕಿ ಹಾಕಿತ್ತು. ಅಜ್ಜಿ ಅಕ್ಕಿರೊಟ್ಟಿ ತಟ್ಟಿ ಒಣಮೀನಿನ ಚಟ್ನಿ ಬಡಿಸಿದಳು. ಅವರಲ್ಲೊಬ್ಬ ಮೀನು ತಿನ್ನದವನು, ಬೆಲ್ಲದ ಕಾಫಿಗೇ ರೊಟ್ಟಿ ಅದ್ದಿಕೊಂಡು ತಿಂದ. ಅವರು ಆಡಿದ ಮಾತೊಂದೂ ನೆನಪಿಲ್ಲ, ಆ ಅದ್ದಿದ ರೊಟ್ಟಿ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಹೊರಡುವಾಗ ಅಜ್ಜಿ ಸೊಂಟದ ಸಂಚಿ ಬಿಚ್ಚಿದಳು. ಸುಣ್ಣದ ಡಬ್ಬಿ, ಹೊಗೆಸೊಪ್ಪು, ಅವುಗಳಡಿ ನಾಲ್ಕು ಮಡಿಕೆಯ ಒಂದು ರೂಪಾಯಿ ನೋಟು. ಕೊಡುವ ಮುಂಚೆ ಮೊಣಕಾಲ ಮೇಲಿಟ್ಟು ನೀವಿ ಸಾಪು ಮಾಡಿದಳು. ಅಂಚಿಗೆ ಸುಣ್ಣ ಹತ್ತಿತ್ತು. ಅಜ್ಜ ಬೇರೆ ಕಡೆ ತಿರುಗಿ ಕೂತ. ಓಟಿಗೆ ದುಡ್ಡು ಹಂಚುವುದನ್ನು ಆಮೇಲೆ ಬೇಕಾದಷ್ಟು ಕಂಡೆ. ಓಟೂ ಕೊಟ್ಟು ದುಡ್ಡೂ ಕೊಟ್ಟದ್ದನ್ನು ಅವತ್ತು ಕಂಡೆ.

ಆಗ ಒಂದೊಂದು ಚಿಹ್ನೆಗೆ ಒಂದೊಂದು ಡಬ್ಬಿ. ಕಾಂಗ್ರೆಸ್ಸಿಗೆ ಜೋಡೆತ್ತು, ಸೋಷಲಿಸ್ಟರಿಗೆ ಆಲದ ಮರ. ಎತ್ತಿನ ಚಿತ್ರ ಕಂಡು ಬೇಸಾಯದವರ ಕೈ ಅತ್ತಲೇ ಹೋದೀತು ಅಂತ ಹುಡುಗರಿಗೆ ದಿಗಿಲು. ಅಜ್ಜಿಗೆ ಅದೇನಿಲ್ಲ: “ಎತ್ತು ನಮ್ಮ ಕೊಟ್ಟಿಗೇಲೇ ಐತಲ್ಲ, ನೆರಳಿಗೆ ಮರ ಬೇಕು.”

ಗೌಡರು ಗೆದ್ದರು. ಮುಂದೆ ಒಂದು ಸಲ ಸೋತು, 62ರಲ್ಲಿ, 67ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಸಂಗೀತ, ಸಾಹಿತ್ಯ ಅಂದರೆ ಜೀವ ಬಿಡುತ್ತಿದ್ದ ಮನುಷ್ಯ. ಅನಂತಮೂರ್ತಿಯವರ ‘ಅವಸ್ಥೆ’ ಓದುವಾಗ ನಮ್ಮ ಸೀಮೆಯವರಿಗೆ ಅವರ ನೆನಪಾಗದೆ ಇರದು. ನಾನು ಅವರನ್ನು ಸಂತೆಯಲ್ಲೊಮ್ಮೆ ಕಂಡಿದ್ದೇನೆ ಅನ್ನುತ್ತೇನೆ. ನನ್ನ ತಮ್ಮ ಅದು ಬೇರೆ ಯಾರೋ ಅನ್ನುತ್ತಾನೆ. ಇರಲಿ.

1972ರ ಜೂನ್‌ನಲ್ಲಿ ಗೌಡರು ಬೆಂಗಳೂರಿನಲ್ಲಿ ಹೋಗಿಬಿಟ್ಟರು. ಐವತ್ತೂ ಆಗಿರಲಿಲ್ಲ. ಅಜ್ಜಿ ಅವತ್ತು ಗೊರಬು ಸೂಡಿಕೊಂಡು ಗದ್ದೆಗೆ ಹೋದವಳು ಕತ್ತಲಾದ ಮೇಲೆ ಬಂದಳು, ಒಲೆಯ ಮುಂದೆ ಕೂತಳು, ಮಾತಿಲ್ಲ.

ಎರಡು ವರ್ಷಕ್ಕೆ ಉಳುವವನಿಗೇ ಹೊಲ ಅನ್ನುವ ಕಾನೂನು ಬಂತು. ಡಿಕ್ಲರೇಷನ್ ಅರ್ಜಿ ತುಂಬಿಸಿ ತಂದೆ. ಹೆಬ್ಬೆಟ್ಟು ಒತ್ತಿ, ಮಸಿ ಒರೆಸಿಕೊಳ್ಳುತ್ತಾ ಅಜ್ಜಿಯ ಇನ್ನೊಂದು ಕೈ ಸಂಚಿಗೆ ಹೋಯಿತು.

“ಇದಕ್ಕೂ ಒಂದು ನೋಟು ಕೊಡಬೇಕೇನೋ, ಮಗಾ?”