ಹನಿಸಕಲ್ ಅಂತ ತಂದ ಬಳ್ಳಿ

ಸಿಬಿಎಸ್‌ಇಯಲ್ಲಿ ಓದಿದವರಿಗೆ ನೆನಪಿರಬಹುದು, ಆರನೇ ಕ್ಲಾಸಿನ ನಮ್ಮ ಇಂಗ್ಲಿಷ್ ಪುಸ್ತಕದ ಹೆಸರೇ 'ಹನಿಸಕಲ್'. ಇಡೀ ವರ್ಷ ಅದನ್ನು ಬ್ಯಾಗಲ್ಲಿ ಹೊತ್ತು ತಿರುಗಿದ್ವಿ. ಹೂವನ್ನು ಮಾತ್ರ ಒಂದು ದಿನವೂ ನೋಡಿರಲಿಲ್ಲ. ಅದಕ್ಕೇ ಫಸ್ಟ್ ಇಯರ್‌ನಲ್ಲಿ ಒಂದು ನರ್ಸರಿಯಲ್ಲಿ ಆ ಹೆಸರಿನ ಚೀಟಿ ಕಂಡಾಗ, ನಮ್ಮ ರೂಮಿನ ಮೂವರಲ್ಲಿ ಒಬ್ಬ ಹಟ ಹಿಡಿದು ಸಸಿ ಕೊಂಡೇಬಿಟ್ಟ. ಹಾಸ್ಟೆಲ್ ಹಿಂದಿನ ತಂತಿ ಬೇಲಿ ಪಕ್ಕ, ಬಿಸಿಲು ಚೆನ್ನಾಗಿ ಬೀಳೋ ಕಡೆ ನೆಟ್ವಿ.

ಮಳೆಗಾಲ ಬರುವಷ್ಟರಲ್ಲಿ ಬೇಲಿಯೇ ಕಾಣದ ಹಾಗೆ ಹಬ್ಬಿತು. ಹೂ ಮಾತ್ರ ಒಂದೂ ಇಲ್ಲ. ಹೂ ಬರಲಿ ಅಂತ ಯೂರಿಯಾ ಹಾಕಿದ್ವಿ, ಇನ್ನಷ್ಟು ಎಲೆ ಬಂತು. ಮಾಲಿ ತಾತ ನೋಡಿ ನಕ್ಕರು. "ಹೊಟ್ಟೆ ತುಂಬಿದ ಗಿಡ ಯಾಕಪ್ಪಾ ಹೂ ಬಿಡುತ್ತೆ? ಗೊಬ್ಬರ ನಿಲ್ಸಿ, ಕತ್ತರಿ ಹಾಕಿ." ನೈಟ್ರೋಜನ್ ಜಾಸ್ತಿಯಾದರೆ ಎಲೆಯೇ ಬರೋದು ಅಂತ ಯಾವುದೋ ಪರೀಕ್ಷೆಯಲ್ಲಿ ನಾವೇ ಬರೆದಿದ್ವಿ! ಈ ಬಳ್ಳಿ ಹೂ ಬಿಡೋದು ಹೊಸ ಚಿಗುರಿನಲ್ಲಿ, ಅದಕ್ಕೇ ಕತ್ತರಿ. ಕತ್ತರಿಸುವಾಗ ಕೈಯೆಲ್ಲ ಗೀರಿತು. ಎಲೆ ಉದುರಿದ ಮೇಲೆ ತೊಟ್ಟಿನ ಬುಡ ಅಲ್ಲೇ ಉಳಿದು ಮುಳ್ಳಾಗಿರುತ್ತೆ.

ಅಷ್ಟರಲ್ಲಿ ರಿಸಲ್ಟ್ ಬಂತು. ಸಸಿ ತಂದವನಿಗೆ ಇಯರ್ ಬ್ಯಾಕ್. ಟ್ರಂಕ್ ತಗೊಂಡು ಊರಿಗೆ ಹೋದ, ಫೋನ್ ಎತ್ತಲಿಲ್ಲ. ನಾವೂ ಏನು ಮಾತಾಡೋದು ಗೊತ್ತಾಗದೆ ಮಾಡೋದನ್ನೇ ಬಿಟ್ವಿ. ಕ್ಲಾಸ್ ತಪ್ಪಿಸಿ ಅವನು ಮಲಗಿರುತ್ತಿದ್ದಾಗ "ಏಳೋ" ಅಂತ ಒಂದು ದಿನವೂ ಎಬ್ಬಿಸಿರಲಿಲ್ಲ. ಅದು ಈಗಲೂ ಚುಚ್ಚುತ್ತೆ.

ಒಂದು ಸಂಜೆ ಗೊಂಚಲು ಅರಳಿತು, ಅಚ್ಚ ಬಿಳಿ. ಮಾರನೇ ದಿನ ಗುಲಾಬಿ, ಆಮೇಲೆ ಕೆಂಪು. ಬಿಳಿ ಇದ್ದಾಗ ರಾತ್ರಿ ಪತಂಗ ಬರುತ್ತೆ, ಬಣ್ಣ ತಿರುಗಿದ ಮೇಲೆ ಹಗಲು ಜೇನು, ಸೂರಕ್ಕಿ. ನಮ್ಮಲ್ಲೊಬ್ಬನ ಅಮ್ಮನಿಗೆ ಫೋಟೋ ಕಳಿಸಿದರೆ, "ಇದು ರಂಗೂನ್ ಮಲ್ಲಿಗೆ ಕಣೋ, ಅಜ್ಜಿ ಮನೆ ಕಾಂಪೌಂಡ್ ತುಂಬಾ ಇತ್ತಲ್ಲ!" ಅಂದರು. ಹುಡುಕಿದರೆ ನಿಜ. ಹನಿಸಕಲ್‌ನದು ಬೇರೆ ಕುಲ, ಲೊನಿಸೆರಾ. ಇದಕ್ಕೆ ಚೈನೀಸ್ ಹನಿಸಕಲ್ ಅನ್ನೋದು ಬರೀ ಅಡ್ಡಹೆಸರು. ಇದರ ಹಳೇ ಲ್ಯಾಟಿನ್ ಹೆಸರು ಕ್ವಿಸ್ಕ್ವಾಲಿಸ್, ಅಂದರೆ 'ಯಾರು? ಎಂಥದು?'

ಅವತ್ತೇ ಅವನಿಗೆ ಫೋಟೋ ಹಾಕಿದ್ವಿ. "ನಿನ್ನ ಹನಿಸಕಲ್ ಹನಿಸಕಲ್ಲೇ ಅಲ್ವಂತೆ."

ಹತ್ತು ನಿಮಿಷಕ್ಕೆ ಫೋನ್ ಬಂತು. "ಮತ್ತೆ ಎಂಥದ್ರೋ ಅದು?"

ರಾತ್ರಿ ಒಂದು ಗಂಟೆವರೆಗೆ ಮಾತಾಡಿದ್ವಿ. ಬ್ಯಾಕ್ ಪೇಪರ್ ಬರೆಯೋಕೆ ಬರ್ತಾನಂತೆ. ಅಷ್ಟರೊಳಗೆ ಇನ್ನೊಂದು ಸಲ ಕತ್ತರಿ ಹಾಕಬೇಕು.