ಅಂದಾಜು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಈ ಮಾತನ್ನು ಮೊದಲು ಆಡಿದ ಪುಣ್ಯಾತ್ಮನು ಯಾರೋ ತಿಳಿಯದು. ಆದರೆ ಆಗ ಅವನ ಕೈಯಲ್ಲಿ ಒಂದು ಅಂದಾಜು ಪಟ್ಟಿ ಇದ್ದಿರಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಪಟ್ಟಿಯಲ್ಲಿ ಬರೆದದ್ದು ಒಂದು, ಪೆಟ್ಟಿಗೆಯಿಂದ ಹೋದದ್ದು ಇನ್ನೊಂದು. ಪಾಪ, ಅವನ ಕಾಲದಲ್ಲಿ ಮೋಟಾರು ಕಾರು ಇರಲಿಲ್ಲ. ಇದ್ದಿದ್ದರೆ ‘ಕಾರು ಗುದ್ದಿಸಿ ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸದೆ ಬಿಡುತ್ತಿರಲಿಲ್ಲ.

ನಾನು ಅಂದಾಜು ಬರೆದು ಹೊಟ್ಟೆ ಹೊರೆಯುವವನು. ಬೆಂಗಳೂರಿನ ಜೆ.ಸಿ. ರಸ್ತೆಯು ಮೋಟಾರಿನ ಬಿಡಿಭಾಗಗಳ ಅಂಗಡಿಗಳಿಗೆ ಹೆಸರಾದ ಬೀದಿ. ಅದರ ಹಿಂಬದಿಯ ಓಣಿಯೊಂದರ ಗ್ಯಾರೇಜಿನಲ್ಲಿ ನನ್ನ ಮೇಜು. ಇಂಜಿನ್ನಿನ ಕಾಯಿಲೆಗಳು ನಮ್ಮ ಬಳಿಗೆ ಬರುವುದಿಲ್ಲ. ಇಲ್ಲಿಗೆ ಬರುವುವು ಮೈಗೆ ಪೆಟ್ಟು ಬಿದ್ದ ವಾಹನಗಳು: ಬಸ್ಸು ಸವರಿಕೊಂಡು ಹೋದದ್ದು, ಗೇಟಿನ ಕಂಬಕ್ಕೆ ಒರಸಿಕೊಂಡದ್ದು, ಹಿಂದಿನಿಂದ ಆಟೋ ಬಂದು ತಿವಿದದ್ದು. ಟಿಂಕರಿಂಗ್ ಮತ್ತು ಪೇಂಟಿಂಗ್ ಎಂದು ನಮ್ಮ ಬೋರ್ಡಿನ ಮೇಲೆ ಬರೆದಿದೆ. ಬಂದವರು ಕೇಳುವ ಮೊದಲ ಪ್ರಶ್ನೆ ಎಂದಿಗೂ ಒಂದೇ: “ಎಷ್ಟಾಗುತ್ತೆ?” ಗಾಯವು ಎಷ್ಟು ಆಳವೆಂದು ಬಿಚ್ಚಿ ನೋಡುವ ಮೊದಲೇ ಅದಕ್ಕೆ ಉತ್ತರ ಹೇಳಬೇಕು. ವೈದ್ಯರಿಗೂ ಇಂಥ ಕಷ್ಟವಿಲ್ಲ. ಅವರು “ನೋಡೋಣ” ಎಂದು ಹೇಳಿ ಮುಂದಿನ ರೋಗಿಯ ಕಡೆಗೆ ತಿರುಗಬಹುದು.

ಕಂಪ್ಯೂಟರು ಬರುವ ಮುಂಚೆ ಈ ಉತ್ತರವನ್ನು ಹೇಳುತ್ತಿದ್ದವರು ನಮ್ಮ ಮೇಸ್ತ್ರಿಗಳು. ದೇವರಿಗೆ ಪ್ರದಕ್ಷಿಣೆ ಬರುವಂತೆ ಅವರು ಕಾರನ್ನು ಒಂದು ಸುತ್ತು ಬರುವರು. ಬೆರಳ ಗೆಣ್ಣಿನಿಂದ ಬಾಗಿಲನ್ನು ತಟ್ಟಿ ಕಿವಿಗೊಡುವರು. ಹಲಸಿನ ಹಣ್ಣನ್ನು ಪರೀಕ್ಷಿಸುವ ಕ್ರಮವೂ ಇದೇ ತಾನೆ? ಜೇಬಿನಿಂದ ಚಿಕ್ಕದೊಂದು ಅಯಸ್ಕಾಂತವನ್ನು ತೆಗೆದು ತಗಡಿನ ಮೇಲೆ ಆಡಿಸುವರು. ಅದು ಗಟ್ಟಿಯಾಗಿ ಹಿಡಿದರೆ ಬಣ್ಣದ ಕೆಳಗೆ ಕಬ್ಬಿಣವಿದೆ. ಜಾರಿದರೆ ಹಿಂದೆ ಯಾರೋ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದಾರೆಂದು ಅರ್ಥ. ಕೊನೆಗೆ ಆಕಾಶವನ್ನೊಮ್ಮೆ ನೋಡಿ, “ಹದಿನೆಂಟು ಬರೆಯಿರಿ ಸ್ವಾಮಿ” ಎನ್ನುವರು. ಹದಿನೆಂಟು ಎಂದರೆ ಹದಿನೆಂಟು ಸಾವಿರ. ನಾನು ಕಾರ್ಬನ್ ಕಾಗದವಿಟ್ಟು ಮೂರು ಪ್ರತಿ ಬರೆಯುತ್ತಿದ್ದೆ: ಮಾಲೀಕರಿಗೊಂದು, ವಿಮಾ ಕಂಪನಿಗೊಂದು, ನಮ್ಮ ಗೋಡೆಯ ತಂತಿಗೆ ಚುಚ್ಚುವುದಕ್ಕೊಂದು.

ಈ ಹದಿನೆಂಟರಲ್ಲಿ ತಗಡಿಗೆ ಎಷ್ಟು, ಬಣ್ಣಕ್ಕೆ ಎಷ್ಟು, ಕೈಗೆ ಎಷ್ಟು ಎಂದು ಕೇಳಿದರೆ ಮೇಸ್ತ್ರಿಗಳು ನಗುತ್ತಿದ್ದರು. ಸಾರಿನಲ್ಲಿ ಉಪ್ಪಿನ ಪಾಲೆಷ್ಟು, ಹುಳಿಯ ಪಾಲೆಷ್ಟು ಎಂದು ಉಣ್ಣುವವರು ಬೇರ್ಪಡಿಸಿ ಕೇಳುವುದುಂಟೆ? ಮೊತ್ತವು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತಿತ್ತು. ಆದರೆ ಅದು ಸರಿಯೆಂದು ತಿಳಿಯುವ ದಾರಿ ಕೇಳುವವರಿಗೆ ಇರಲಿಲ್ಲ. ಗಿರಾಕಿಯ ಕಾಲಿನ ಬೂಟನ್ನು ನೋಡಿ ಅಂಕಿ ಹೇಳುವ ಗ್ಯಾರೇಜುಗಳೂ ಊರಿನಲ್ಲಿದ್ದುವು. ಹಳೆಯದೆಲ್ಲ ಹೊನ್ನು ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ.

ಈಗ ಮೇಜಿನ ಮೇಲೆ ಕಂಪ್ಯೂಟರು, ಅದರೊಳಗೆ ಅಂದಾಜು ಬರೆಯುವ ಸಾಫ್ಟ್‌ವೇರು. ಕಾರಿನ ಮಾದರಿಯನ್ನೂ ತಯಾರಾದ ವರ್ಷವನ್ನೂ ತಿಳಿಸಿದರೆ ಪರದೆಯ ಮೇಲೆ ಚಿತ್ರ ಮೂಡುತ್ತದೆ. ಬಾನೆಟ್ಟು, ಫೆಂಡರು, ಬಾಗಿಲು, ಬಂಪರು ಎಲ್ಲವೂ ಕಳಚಿ ಹರಡಿಟ್ಟಂತೆ ಕಾಣುತ್ತವೆ. ಪೆಟ್ಟು ಬಿದ್ದ ಅಂಗವನ್ನು ಆರಿಸಿದೊಡನೆ ಅದು ಒಂದು ಪ್ರಶ್ನೆಯನ್ನು ಕೇಳುತ್ತದೆ: ರಿಪೇರಿಯೋ, ಬದಲಾವಣೆಯೋ? ಬದಲಾವಣೆ ಎಂದೆವೋ, ಯಂತ್ರಕ್ಕೆ ಆನಂದ. ಬಿಡಿಭಾಗದ ಸಂಖ್ಯೆ, ಬೆಲೆ, ತೆರಿಗೆ, ಜೋಡಿಸುವ ಕೂಲಿ ಎಲ್ಲವನ್ನೂ ಕಣ್ಣು ಮಿಟುಕಿಸುವುದರೊಳಗೆ ತುಂಬಿಕೊಡುತ್ತದೆ. ರಿಪೇರಿ ಎಂದರೆ ಮಾತ್ರ ಒಂದು ಖಾಲಿ ಚೌಕವನ್ನು ತೋರಿಸಿ ಸುಮ್ಮನಾಗುತ್ತದೆ. ಅಲ್ಲಿ ಏನು ಬರೆಯಬೇಕೆಂಬುದು ಅದಕ್ಕೆ ತಿಳಿಯದು. ಈ ಖಾಲಿ ಚೌಕದ ವಿಷಯವನ್ನೇ ನಾನು ಓದುಗರ ಮುಂದೆ ಹೇಳಬೇಕೆಂದಿರುವುದು.

ಅದಕ್ಕೆ ಮೊದಲು ಯಂತ್ರಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸಿಬಿಡೋಣ. ೨೦೨೫ರ ಸೆಪ್ಟೆಂಬರ್ ೨೧ರವರೆಗೆ ಬಿಡಿಭಾಗಗಳ ಮೇಲೆ ಬಹುಮಟ್ಟಿಗೆ ನೂರಕ್ಕೆ ೨೮ರಂತೆ ತೆರಿಗೆಯಿತ್ತು, ಕೂಲಿಯ ಮೇಲೆ ೧೮ರಂತೆ. ಮರುದಿನದಿಂದ ಎರಡಕ್ಕೂ ೧೮ ಆಯಿತು. ಅಂದೇ ನವರಾತ್ರಿಯ ಆರಂಭ. ಕಾರ್ಬನ್ ಕಾಗದದ ಕಾಲವಾಗಿದ್ದರೆ, ಕೊಟ್ಟ ಪಟ್ಟಿಗಳನ್ನೆಲ್ಲ ಹುಡುಕಿ ತಿದ್ದುವುದರಲ್ಲಿಯೇ ವಿಜಯದಶಮಿ ಬಂದುಬಿಡುತ್ತಿತ್ತು. ಯಂತ್ರವು ಬಾಕಿಯಿದ್ದ ಪಟ್ಟಿಗಳನ್ನೆಲ್ಲ ಒಂದೇ ಬೆಳಗಿನಲ್ಲಿ ತಿದ್ದಿಕೊಟ್ಟಿತು.

ಇನ್ನೊಂದು ಉಪಕಾರ ಇದಕ್ಕಿಂತ ದೊಡ್ಡದು. ಹೊರಗಿನಿಂದ ಬಂಪರು ಮಾತ್ರ ಒಡೆದಂತೆ ಕಾಣುವ ಕಾರಿನಲ್ಲಿ, ಅದನ್ನು ಕಳಚಿದ ಮೇಲೆ ಒಳಗಿನ ಉಕ್ಕಿನ ಅಡ್ಡಪಟ್ಟಿ ಬಾಗಿರುವುದು, ರೇಡಿಯೇಟರಿನ ಆಧಾರ ಸರಿದಿರುವುದು ಕಾಣುತ್ತದೆ. ಆಗ ಪೂರಕ ಅಂದಾಜು ಬರೆಯಬೇಕು. ಮಾಲೀಕರಿಗೆ ದೂರವಾಣಿಯಲ್ಲಿ ತಿಳಿಸಬೇಕು. ನಮ್ಮ ಕಸುಬಿನಲ್ಲಿ ಇದರಷ್ಟು ಕಷ್ಟದ ಮಾತು ಬೇರೆ ಇಲ್ಲ. ಹಿಂದೆ, “ಕಾರು ಕೈಗೆ ಸಿಕ್ಕಿದ ಮೇಲೆ ರೇಟು ಏರಿಸುತ್ತೀರಲ್ಲ?” ಎನ್ನುವ ಉತ್ತರ ಬರುತ್ತಿತ್ತು. ಈಗ ಬಿಚ್ಚುವ ಮೊದಲಿನ ಚಿತ್ರ, ಬಿಚ್ಚಿದ ಮೇಲಿನ ಚಿತ್ರ, ಎರಡೂ ದಿನಾಂಕದೊಡನೆ ಪಟ್ಟಿಗೆ ಅಂಟಿಕೊಂಡೇ ಹೋಗುತ್ತವೆ. ಸಂಶಯಕ್ಕೆ ಅರ್ಧ ಮದ್ದು ಅಲ್ಲಿಯೇ ಸಿಕ್ಕಿತು.

ಇನ್ನು ವಿಮೆಯ ಲೆಕ್ಕ. ವಿಮೆ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಬರುವವರಿಗೆ ಸವಕಳಿಯೆಂಬ ಗ್ರಹದ ಪರಿಚಯವಿರುವುದಿಲ್ಲ. ಸಾಮಾನ್ಯವಾದ ಸಮಗ್ರ ಪಾಲಿಸಿಯಲ್ಲಿ, ಬದಲಾಯಿಸಿದ ಭಾಗವು ರಬ್ಬರು, ನೈಲಾನು ಅಥವಾ ಪ್ಲಾಸ್ಟಿಕ್ಕಿನದಾದರೆ ಬೆಲೆಯ ಅರ್ಧವನ್ನು ಕಳೆಯುತ್ತಾರೆ. ಫೈಬರ್ ಗ್ಲಾಸಿಗೆ ನೂರಕ್ಕೆ ೩೦. ಗಾಜಿಗೆ ಏನೂ ಇಲ್ಲ. ಕಬ್ಬಿಣಕ್ಕೆ ವಯಸ್ಸಿನ ಪ್ರಕಾರ: ಮೊದಲ ಆರು ತಿಂಗಳು ಪೂರ್ತಿ ಮಾಫಿ, ಒಂದು ವರ್ಷದವರೆಗೆ ೫, ಎರಡರವರೆಗೆ ೧೦, ಹೀಗೆ ಏರುತ್ತ ಹೋಗಿ ಐದರಿಂದ ಹತ್ತು ವರ್ಷದ ಕಾರಿಗೆ ೪೦, ಹತ್ತು ದಾಟಿದರೆ ೫೦. ಕಳೆದದ್ದನ್ನು ಮಾಲೀಕರೇ ತುಂಬಬೇಕು. ಸ್ವರ್ಗಕ್ಕೆ ಹೋದವರ ಪುಣ್ಯವು ದಿನದಿನಕ್ಕೆ ಸವೆಯುವಂತೆ ಬಾಗಿಲಿನ ಬೆಲೆಯೂ ಸವೆಯುತ್ತದೆ. ಹೆಚ್ಚು ಪ್ರೀಮಿಯಂ ಕೊಟ್ಟು ಈ ಗ್ರಹಕ್ಕೆ ಮೊದಲೇ ಶಾಂತಿ ಮಾಡಿಸಿಕೊಂಡವರೂ ಉಂಟು. ಶೂನ್ಯ ಸವಕಳಿ ಎಂದು ಅದಕ್ಕೆ ಹೆಸರು. ಆದರೆ ಕಾರು ಹಳೆಯದಾದಷ್ಟೂ ಆ ಶಾಂತಿ ದುರ್ಲಭ. ಒಂದು ಸಂಗತಿಯನ್ನು ಮಾತ್ರ ಮರೆಯಬಾರದು: ಸವಕಳಿ ವಸ್ತುವಿಗೆ, ಕೂಲಿಗೆ ಅಲ್ಲ.

ಕಳೆದ ವರ್ಷ ನಿವೃತ್ತ ಉಪಾಧ್ಯಾಯರೊಬ್ಬರು ಏಳು ವರ್ಷದ ಚಿಕ್ಕ ಕಾರನ್ನು ತಂದರು. ಎಡಗಡೆಯ ಎರಡು ಬಾಗಿಲುಗಳನ್ನೂ ಬಸ್ಸೊಂದು ಸವರಿಕೊಂಡು ಹೋಗಿತ್ತು. ಬದಲಾವಣೆ ಎಂದು ಆರಿಸಿದರೆ ಯಂತ್ರದ ಲೆಕ್ಕ ಹೀಗೆ: ತೆರಿಗೆ ಸೇರಿ ಒಂದೊಂದು ಬಾಗಿಲಿಗೆ ೧೨,೦೦೦ ರೂಪಾಯಿಯಂತೆ ೨೪,೦೦೦, ಅದರಲ್ಲಿ ನೂರಕ್ಕೆ ೪೦ರಂತೆ ೯,೬೦೦ ಮಾಲೀಕರದು. ಬಣ್ಣಕ್ಕೆ ೮,೦೦೦; ಅದರ ಕಾಲುಭಾಗವನ್ನು ಸಾಮಗ್ರಿಯೆಂದು ಹಿಡಿದು ಅದರಲ್ಲಿ ಅರ್ಧ ಕಳೆದರೆ ೧,೦೦೦ ಮಾಲೀಕರದು. ಪ್ರತಿ ಕ್ಲೇಮಿನಲ್ಲಿಯೂ ಕಡ್ಡಾಯವಾಗಿ ಹೊರಬೇಕಾದದ್ದು ಇನ್ನೊಂದು ೧,೦೦೦. ಒಟ್ಟು ೧೧,೬೦೦.

“ವಿಮೆ ಕಟ್ಟಿದ್ದೀನಲ್ಲಪ್ಪ, ಮತ್ತೆ ನನ್ನ ಪಿಂಚಣಿಯಿಂದ ಹನ್ನೊಂದು ಸಾವಿರ ಯಾಕೆ?” ಎಂದು ಮೇಷ್ಟ್ರು ಕೇಳಿದರು. ಮಕ್ಕಳ ಲೆಕ್ಕದ ಪುಸ್ತಕವನ್ನು ತಿದ್ದುವ ಧಾಟಿಯಲ್ಲಿಯೇ ಕೇಳಿದರು.

ಆಗ ಮೇಸ್ತ್ರಿಗಳು ಬಂದು ಬಾಗಿಲನ್ನು ತಟ್ಟಿದರು, ಅಂಗೈ ಆಡಿಸಿದರು. “ತಗಡು ಹರಿದಿಲ್ಲ, ಅಂಚೂ ಮಡಿಸಿಲ್ಲ. ಎಬ್ಬಿಸಿ ಕೊಡ್ತೀನಿ ಮೇಷ್ಟ್ರೇ, ಬಾಗಿಲು ಯಾಕೆ ಬಿಸಾಡ್ತೀರಿ?” ಎಂದರು. ಎಬ್ಬಿಸುವ ಕೂಲಿ ಒಂದಕ್ಕೆ ೩,೫೦೦ರಂತೆ ೭,೦೦೦. ಕೂಲಿಗೆ ಸವಕಳಿಯಿಲ್ಲ. ಬಣ್ಣದ ಪಾಲು ೧,೦೦೦, ಕಡ್ಡಾಯದ್ದು ೧,೦೦೦. ಮೇಷ್ಟ್ರಿಗೆ ಬೀಳುವುದು ೨,೦೦೦ ಮಾತ್ರ. ಕಂಪನಿಗೂ ಉಳಿತಾಯವೇ.

ಇಬ್ಬರಿಗೂ ಲಾಭವಾದರೆ ಇನ್ನೇನು ತೊಡಕು ಎಂದು ಓದುಗರು ಕೇಳಬಹುದು. ತೊಡಕು ಇರುವುದು ಆ ಖಾಲಿ ಚೌಕದಲ್ಲಿ. ಬಾಗಿಲಿಗೆ ೧೨,೦೦೦ ಎಂದು ಬರೆದರೆ ಕಂಪನಿಯ ಪರಿಶೀಲಕರು ಚಕಾರವೆತ್ತುವುದಿಲ್ಲ. ಬಿಡಿಭಾಗಕ್ಕೆ ಸಂಖ್ಯೆಯಿದೆ, ಅಚ್ಚಾದ ಬೆಲೆಯಿದೆ. ಬಡಿದು ಎಬ್ಬಿಸುವ ಕೂಲಿ ೩,೫೦೦ ಎಂದೊಡನೆ, “ಇದಕ್ಕೆ ಆಧಾರವೇನು? ೧,೮೦೦ ಸಾಲದೇ?” ಎಂಬ ಪ್ರಶ್ನೆ ಏಳುತ್ತದೆ. ಕಬ್ಬಿಣದ ಬೆಲೆಗೆ ಸಾಕ್ಷಿಯುಂಟು. ಕೈಯ ಬೆಲೆಗೆ ಸಾಕ್ಷಿಯಿಲ್ಲ. ಬಿಡಿಭಾಗ ಮಾರಿದರೆ ಗ್ಯಾರೇಜಿಗೆ ಅದರಲ್ಲಿ ಒಂದಿಷ್ಟು ಲಾಭವೂ ಉಂಟು. ಹೀಗಿರುವಾಗ ವಾದ ಮಾಡುವ ಶ್ರಮವನ್ನು ಯಾರು ಪಡೆದಾರು? ಬದಲಾವಣೆ ಎಂದು ಒತ್ತಿದರೆ ಆಯಿತು. ಬದುಕಬಹುದಾಗಿದ್ದ ಬಾಗಿಲು ಗುಜರಿಗೆ ಹೋಗುತ್ತದೆ. ಅದರ ಹಿಂದೆಯೇ ಅದನ್ನು ಬದುಕಿಸಬಲ್ಲ ವಿದ್ಯೆಯೂ ಹೋಗುತ್ತದೆ. ನಮ್ಮ ಮೇಸ್ತ್ರಿಗಳ ಕೈಕೆಳಗೆ ಕಲಿಯಲು ಬಂದ ಹುಡುಗರಿಬ್ಬರು, ನಟ್ಟು ಬೋಲ್ಟು ತಿರುಗಿಸುವುದಕ್ಕೂ ಇಷ್ಟೇ ಸಂಬಳ ಬರುವಾಗ ಸುತ್ತಿಗೆ ಏಕೆ ಎಂದು ಬಿಟ್ಟುಹೋದರು.

ಆ ವಿದ್ಯೆ ಸಾಮಾನ್ಯವಾದದ್ದಲ್ಲ. ಬಾಗಿಲಿನ ಒಳಹೊದಿಕೆಯನ್ನು ಕಳಚಿ, ಡಾಲಿ ಎಂಬ ಕಬ್ಬಿಣದ ಗಟ್ಟಿಯನ್ನು ಎಡಗೈಯಿಂದ ತಗಡಿನ ಹಿಂದೆ ಒತ್ತಿ ಹಿಡಿದು, ಮುಂದಿನಿಂದ ಸುತ್ತಿಗೆಯಲ್ಲಿ ಸಣ್ಣ ಸಣ್ಣ ಏಟು ಹಾಕಬೇಕು. ಹಿಗ್ಗಿದ ಕಡೆ ಕಾಯಿಸಿ ತಣಿಸಿ ಕುಗ್ಗಿಸಬೇಕು. ನಡುನಡುವೆ ಅಂಗೈಯಿಂದ ಸವರಬೇಕು. ಕಣ್ಣಿಗೆ ಕಾಣದ ಉಬ್ಬು ಅಂಗೈಗೆ ಸಿಕ್ಕುತ್ತದೆ. ತಗಡು ಚೆನ್ನಾಗಿ ಎದ್ದರೆ ಪುಟ್ಟಿಯ ತೆಳ್ಳನೆಯ ಲೇಪ ಸಾಕು. ಕೆಲಸಗಳ್ಳನು ಗುಳಿಯನ್ನೆಲ್ಲ ಪುಟ್ಟಿಯಿಂದಲೇ ತುಂಬುತ್ತಾನೆ. ಅದು ಬಿಸಿಲು ಮಳೆಗೆ ಸಿಕ್ಕಿ ಬಿರಿಯುತ್ತದೆ.

ಎಲ್ಲವನ್ನೂ ಬಡಿದು ಸರಿಮಾಡಬಹುದೆಂದು ನಾನು ಹೇಳುತ್ತಿಲ್ಲ. ಈಚಿನ ಕಾರುಗಳ ಕಂಬಗಳಲ್ಲಿಯೂ ಅಡ್ಡಪಟ್ಟಿಗಳಲ್ಲಿಯೂ ಹೆಚ್ಚಿನ ಬಲದ ಉಕ್ಕನ್ನು ಬಳಸುತ್ತಾರೆ. ಅದನ್ನು ಕಾಯಿಸಿದರೆ ಬಲವೇ ಹೋಗುತ್ತದೆ. ಮುಂದಿನ ಅಪಘಾತದಲ್ಲಿ ಒಳಗಿರುವವರನ್ನು ಕಾಯಲಾರದು. ಅಂಥ ಕಡೆ ಮೇಸ್ತ್ರಿಗಳು “ಎಬ್ಬಿಸುತ್ತೇನೆ” ಎಂದರೂ ನಾನು ಬದಲಾವಣೆಯೆಂದೇ ಬರೆಯುತ್ತೇನೆ. ಅವರು ಮುಖ ಊದಿಸಿಕೊಂಡರೂ ಒಪ್ಪುತ್ತಾರೆ.

ಖಾಲಿ ಚೌಕಕ್ಕೆ ಸಾಕ್ಷಿ ಒದಗಿಸುವ ದಾರಿಯನ್ನು ಸಾಫ್ಟ್‌ವೇರಿನಲ್ಲಿಯೇ ಹುಡುಕಿದೆವು. ಕೆಲಸ ಆರಂಭಿಸಿದ ಹೊತ್ತು, ನಿಲ್ಲಿಸಿದ ಹೊತ್ತುಗಳನ್ನು ಬರೆಯುವುದಕ್ಕೆ ಅದರಲ್ಲಿ ಒಂದು ಪುಟವಿತ್ತು. ಯಾರೂ ಅದನ್ನು ತೆರೆದಿರಲಿಲ್ಲ. ನಾನು ಅದನ್ನು ತೆರೆದು ಮೇಸ್ತ್ರಿಗಳ ಮುಂದಿಟ್ಟಾಗ ಅವರಿಗೆ ಕೋಪ ಬಂತು. “ಗಂಟೆ ಬರೆಯೋದಕ್ಕೆ ನಾನೇನು ಗಿರಣಿಯ ಆಳೇ ಸ್ವಾಮಿ?” ಎಂದರು. “ನಿಮ್ಮ ಕೈಗೆ ಬೆಲೆ ಎಷ್ಟೆಂದು ಅವರು ಕೇಳುತ್ತಾರೆ. ನಾನು ಏನನ್ನು ತೋರಿಸಲಿ?” ಎಂದೆ. ಅವರು ಮಾತಾಡದೆ ಹೋಗಿ ಸುತ್ತಿಗೆ ಹಿಡಿದರು. ಹೋಗುವಾಗ ಗೋಡೆಯ ಗಡಿಯಾರವನ್ನು ನೋಡಿದ್ದನ್ನು ನಾನು ಕಂಡೆ.

ಮೇಷ್ಟ್ರ ಬಾಗಿಲುಗಳಿಂದಲೇ ಆ ಲೆಕ್ಕ ಮೊದಲಾಯಿತು. ಎರಡು ಬಾಗಿಲಿಗೆ ಹನ್ನೊಂದೂವರೆ ಗಂಟೆ. ಪ್ರತಿಯೊಂದು ಹಂತಕ್ಕೂ ಒಂದು ಚಿತ್ರ. ಕಂಪನಿಯವರು ಪೂರ್ತಿ ಒಪ್ಪಲಿಲ್ಲ. ೭,೦೦೦ದಲ್ಲಿ ೬,೦೦೦ ಮಂಜೂರಾಯಿತು. ಉಳಿದ ಸಾವಿರವನ್ನು ಬಿಟ್ಟುಬಿಡೋಣವೆಂದು ನಮ್ಮ ಯಜಮಾನರು ಹೇಳಿದರು. ಮೇಷ್ಟ್ರು ಕನ್ನಡಕವನ್ನು ಏರಿಸಿ ಗಂಟೆಯ ಪಟ್ಟಿಯನ್ನು ಸಾಲುಸಾಲಾಗಿ ಓದಿದರು. “ಹನ್ನೊಂದೂವರೆ ಗಂಟೆ ಬಡಿದಿದ್ದಾರಲ್ಲಪ್ಪ, ಅದನ್ನು ಇಟ್ಟುಕೊಂಡು ನಾನೇನು ಮಾಡಲಿ?” ಎಂದು ಎರಡು ಐನೂರರ ನೋಟುಗಳನ್ನು ಮೇಜಿನ ಮೇಲಿಟ್ಟರು. ಮೊತ್ತವನ್ನಷ್ಟೇ ಕಂಡಿದ್ದರೆ ಚೌಕಾಸಿ ಮಾಡುತ್ತಿದ್ದರೋ ಏನೋ. ಶ್ರಮವನ್ನು ಕಂಡ ಮೇಲೆ ಅವರಿಗೆ ಚೌಕಾಸಿ ಬೇಡವಾಯಿತು. ಅಂದಿನಿಂದ ಸಂಜೆ ಕೈ ತೊಳೆದುಕೊಳ್ಳುವ ಮೊದಲು ಮೇಸ್ತ್ರಿಗಳು ನನ್ನ ಮೇಜಿನ ಬಳಿಗೆ ಬಂದು, “ಇವತ್ತಿಂದು ಏರಿಸಿದಿರಾ?” ಎಂದು ಕೇಳುವುದುಂಟು.

ಸಾಫ್ಟ್‌ವೇರಿಗೆ ಎಲ್ಲ ಭಾಗಗಳ ಬೆಲೆಯೂ ಗೊತ್ತು. ಯಾವ ಭಾಗವನ್ನು ಉಳಿಸಬೇಕೆಂಬುದು ಗೊತ್ತಿಲ್ಲ. ಗೊತ್ತಿರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಆ ಭಾರವು ಪಟ್ಟಿ ಬರೆಯುವವರ ಮೇಲೂ, ಸ್ವಲ್ಪಮಟ್ಟಿಗೆ ಓದುವವರ ಮೇಲೂ ಇದೆ. ಆದ್ದರಿಂದ ನಿಮ್ಮ ಕೈಗೆ ಇಂಥದೊಂದು ಪಟ್ಟಿ ಬಂದಾಗ ಕೊನೆಯ ಮೊತ್ತಕ್ಕೆ ಮೊದಲೇ ಕಣ್ಣು ಹಾಯಿಸಬೇಡಿ. ಒಂದೊಂದು ಸಾಲಿನಲ್ಲಿಯೂ ರಿಪೇರಿ ಎಂದಿದೆಯೋ ಬದಲಾವಣೆ ಎಂದಿದೆಯೋ ನೋಡಿ. ಬದಲಾವಣೆ ಎಂದಿದ್ದರೆ ಏಕೆ ಎಂದು ಕೇಳಿ. ತೆಗೆದ ಭಾಗವನ್ನು ತೋರಿಸಿರೆಂದು ಹೇಳಿ. ರಿಪೇರಿ ಎಂದಿದ್ದರೆ ಆ ಕೂಲಿಯಲ್ಲಿ ನೂರು ರೂಪಾಯಿ ತಗ್ಗಿಸಲು ಹೋಗುವ ಮೊದಲು, ಒಳಗೆ ಸುತ್ತಿಗೆಯ ಸದ್ದು ಕೇಳುತ್ತಿದೆಯೇ ಎಂದು ಒಂದು ಕ್ಷಣ ಕಿವಿಗೊಡಿ.