ನೆಲ ನಿಜವಾಗಿಯೂ ಡೊಂಕಾಗಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ಹೇಳದ ತಂದೆತಾಯಿಗಳಿಲ್ಲ, ಕೇಳಿಸಿಕೊಳ್ಳದ ಮಕ್ಕಳಿಲ್ಲ. ನಾವು ಮೇಷ್ಟ್ರುಗಳೂ ತರಗತಿಯಲ್ಲಿ ಇದನ್ನು ಧಾರಾಳವಾಗಿಯೇ ಬಳಸುತ್ತೇವೆ. ಆದರೆ ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ ಮೇಲೆ ನನಗೆ ಈ ಗಾದೆಯ ಬಗ್ಗೆ ಒಂದು ಸಣ್ಣ ತಕರಾರಿದೆ. ನೆಲ ಡೊಂಕೋ ನೆಟ್ಟಗೋ ಎಂದು ರಸಮಟ್ಟ ಇಟ್ಟು ನೋಡಿದವರು ಯಾರು?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೈಸ್ಕೂಲಿನಲ್ಲಿ ಎನ್‌ಸಿಸಿ ಸೇರಿ ರೈಫಲ್ ಹಿಡಿದವಳು, ಎಂ.ಎಸ್ಸಿ. ಓದುವ ಹೊತ್ತಿಗೆ 25 ಮೀಟರ್ ಪಿಸ್ತೂಲು ಸ್ಪರ್ಧೆಗೆ ಬಂದಿದ್ದಳು. ಅವಳ ತಂದೆ ಹಿಟ್ಟಿನ ಗಿರಣಿ ನಡೆಸುವವರು. ಮನೆಯಾಕೆಯ ಒಡವೆ ಅಡವಿಟ್ಟು, ಪರವಾನಗಿಗಾಗಿ ತಿಂಗಳುಗಟ್ಟಲೆ ಓಡಾಡಿ, ಮಗಳಿಗೆ ಹೊಸ .22 ಪಿಸ್ತೂಲು ಕೊಡಿಸಿದ್ದರು. ಅದು ಮೊದಲ ವಾರದಿಂದಲೇ ಕಚ್ಚಿಕೊಳ್ಳತೊಡಗಿತು. ಐದು ಹೊಡೆತದ ಸರಣಿಯಲ್ಲಿ ಮೂರನೆಯದಕ್ಕೋ ನಾಲ್ಕನೆಯದಕ್ಕೋ ನಿಂತುಬಿಡುವುದು. ರಾಜ್ಯಮಟ್ಟದ ಸ್ಪರ್ಧೆಗೆ ಎರಡು ತಿಂಗಳಷ್ಟೇ ಉಳಿದಿತ್ತು.

“ಪಿಸ್ತೂಲು ಹೊಸದು ಮೇಷ್ಟ್ರೇ, ಅದರಲ್ಲೇನು ದೋಷ ಇರೋಕೆ ಸಾಧ್ಯ? ಇವಳ ಕೈಯಲ್ಲೇ ಬಲ ಇಲ್ಲ. ಮಾರಿ ಒಡವೆ ಬಿಡಿಸಿಕೊಳ್ತೀನಿ” ಎಂದರು ತಂದೆ. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು.

ನನಗೆ ಪಿಸ್ತೂಲಿನ ಅನುಭವವಿಲ್ಲ. ಆದರೆ ಅದರೊಳಗಿನ ಕೆಲಸ ಒಂಬತ್ತನೇ ತರಗತಿಯ ಭೌತಶಾಸ್ತ್ರವೇ. ಗುಂಡು ಮುಂದಕ್ಕೆ ಹಾರಿದರೆ ಅಷ್ಟೇ ಒತ್ತು ಹಿಂದಕ್ಕೂ ಬೀಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಅರೆ-ಸ್ವಯಂಚಾಲಿತ ಪಿಸ್ತೂಲು ಈ ಹಿಮ್ಮೆಟ್ಟುವ ಒತ್ತನ್ನು ವ್ಯರ್ಥ ಮಾಡುವುದಿಲ್ಲ. ಅದೇ ಬಲದಿಂದ ಮೇಲಿನ ಸ್ಲೈಡ್ ಹಿಂದಕ್ಕೆ ಸರಿದು, ಖಾಲಿ ತೋಟಾವನ್ನು ಹೊರಗೆಸೆಯುತ್ತದೆ. ಆಮೇಲೆ ಸ್ಪ್ರಿಂಗ್ ಸ್ಲೈಡನ್ನು ಮುಂದಕ್ಕೆ ತಳ್ಳುತ್ತದೆ. ಹಾಗೆ ಬರುವಾಗ ಅದು ಮ್ಯಾಗಜಿನ್ನಿನಿಂದ ಮುಂದಿನ ತೋಟಾವನ್ನು ದೂಡಿಕೊಂಡು ಚೇಂಬರಿಗೆ ಸೇರಿಸುತ್ತದೆ. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ ಆಗುತ್ತದೆ.

.22 ತೋಟಾದ ಗುಂಡು ಸುಮಾರು 2.6 ಗ್ರಾಂ ಮಾತ್ರ. ಇಷ್ಟು ಸಣ್ಣ ಗುಂಡಿನ ಮರುತಳ್ಳು ಎಷ್ಟಿದ್ದೀತು? ಹೊಸ ಪಿಸ್ತೂಲಿನ ಸ್ಪ್ರಿಂಗ್ ಬಿಗಿಯಾಗಿದ್ದರೆ, ಕಾರ್ಖಾನೆಯಲ್ಲಿ ತುಕ್ಕು ಹಿಡಿಯದಂತೆ ಬಳಿದ ದಪ್ಪ ಗ್ರೀಸ್ ಹಾಗೇ ಉಳಿದಿದ್ದರೆ, ತೋಟಾ ನಿಧಾನಗತಿಯದಾಗಿದ್ದರೆ ಸ್ಲೈಡ್ ಅರ್ಧ ದಾರಿಯಲ್ಲೇ ಮರಳುತ್ತದೆ. ಖಾಲಿ ತೋಟಾ ಬಾಗಿಲಲ್ಲಿ ಸಿಕ್ಕಿಬೀಳುತ್ತದೆ. ಹಿಡಿತ ಸಡಿಲವಾದರೂ ಹೀಗೇ ಆಗುತ್ತದೆ. ಪಿಸ್ತೂಲಿನ ಮೈಯೂ ಸ್ಲೈಡಿನ ಜೊತೆಗೇ ಹಿಂದಕ್ಕೆ ಹೋದರೆ ಸ್ಲೈಡ್ ಸರಿಯುವ ದೂರ ಕಡಿಮೆಯಾಗುತ್ತದೆ. ನೇತಾಡುವ ಹಲಗೆಗೆ ಮೊಳೆ ಹೊಡೆದ ಹಾಗೆ! ಇನ್ನು .22 ತೋಟಾದ ಬುಡದಲ್ಲಿ ಒಂದು ಅಂಚು ಇರುತ್ತದೆ. ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತರೆ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಮ್ಯಾಗಜಿನ್ನಿನ ಬಾಯಿ ಕೊಂಚ ಸೊಟ್ಟಗಾದರೂ ತೋಟಾ ಮೂತಿ ತಗ್ಗಿಸಿ ನಿಲ್ಲುತ್ತದೆ.

ಅಂದರೆ ಅನುಮಾನಿಸಲು ಅರ್ಧ ಡಜನ್ ಕಾರಣಗಳಿದ್ದವು. ತಂದೆ ಒಂದನ್ನೇ ಹಿಡಿದುಕೊಂಡಿದ್ದರು. “ರಾಯರೇ, ನಿಮ್ಮ ಗಿರಣಿ ಕಚ್ಚಿಕೊಂಡರೆ ಬೆಲ್ಟು ನೋಡ್ತೀರಿ, ಕಾಳು ಹಸಿಯೇ ಅಂತ ನೋಡ್ತೀರಿ, ಕಲ್ಲು ನೋಡ್ತೀರಿ. ಮಗಳ ವಿಷಯಕ್ಕೆ ಮಾತ್ರ ನೋಡೋದಕ್ಕೆ ಮೊದಲೇ ತೀರ್ಪೇ?” ಎಂದೆ. ಅವರು ಮಾತಾಡಲಿಲ್ಲ. ಹುಡುಗಿಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ತರಲು ಹೇಳಿದೆ.

ನಿಯಮ ಎರಡೇ. ಪ್ರತಿ ಸಲ ನಿಂತಾಗಲೂ ಬರೆಯಬೇಕು: ಯಾವ ಮ್ಯಾಗಜಿನ್, ಯಾವ ಪೆಟ್ಟಿಗೆಯ ತೋಟಾ, ಎಷ್ಟನೆಯ ಹೊಡೆತ, ಹೇಗೆ ಸಿಕ್ಕಿಕೊಂಡಿತು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಪಿಸ್ತೂಲಿಗೆ ಕೈಹಾಕುವ ಕೆಲಸವೆಲ್ಲ ರೇಂಜಿನಲ್ಲೇ, ತರಬೇತುದಾರರ ಕಣ್ಣೆದುರಿಗೇ ಆಗಬೇಕು. ನಳಿಗೆ ಗುರಿಯ ಕಡೆಗೇ ಇರಬೇಕು, ಬೆರಳು ಟ್ರಿಗರಿನಿಂದ ಹೊರಗಿರಬೇಕು. ಇದು ಅಲ್ಲಿನವರು ಹಾಕಿದ ಷರತ್ತು. ಅದರಲ್ಲಿ ರಾಜಿಯಿಲ್ಲ.

ಮೊದಲು ತರಬೇತುದಾರರೇ ಅದೇ ಪಿಸ್ತೂಲು, ಅದೇ ತೋಟಾಗಳಿಂದ ಹೊಡೆದು ನೋಡಿದರು. ಅವರ ಕೈಯಲ್ಲೂ ನಿಂತಿತು. ಎರಡು ವಾರದ ಪುಟಗಳನ್ನು ಓದಿದಾಗ ಒಂದು ಅಂಶ ಎದ್ದು ಕಂಡಿತು. ಮೂತಿ ತಗ್ಗಿಸಿ ನಿಂತ ತೋಟಾಗಳೆಲ್ಲ ಎರಡನೆಯ ಮ್ಯಾಗಜಿನ್ನಿನವೇ. ಅದರ ಬಾಯಿಯ ಒಂದು ಅಂಚು ಬಾಗಿತ್ತು, ಅದನ್ನು ಬದಲಿಸಿದರು. ಗ್ರೀಸ್ ಒರೆಸಿ ತೆಳುವಾಗಿ ಎಣ್ಣೆ ಹಾಕಿದ ಮೇಲೆ ಇನ್ನಷ್ಟು ಸುಧಾರಿಸಿತು. ಅಗ್ಗಕ್ಕೆ ಸಿಕ್ಕ ನಿಧಾನಗತಿಯ ತೋಟಾ ಬಿಟ್ಟು ಬೇರೆ ಬಗೆಯದನ್ನು ಹಾಕಿದಾಗ ಬಹುಪಾಲು ತೊಂದರೆ ನಿಂತಿತು.

ಬಹುಪಾಲು ಎಂದೆ, ಪೂರ್ತಿ ಅಲ್ಲ. ಉಳಿದ ಕೆಲವು ಪ್ರಕರಣಗಳೆಲ್ಲ ಅಭ್ಯಾಸದ ಕೊನೆಯ ಹೊತ್ತಿನವು. ಕೈ ಸೋತಾಗ ಹಿಡಿತ ಸಡಿಲುತ್ತಿತ್ತು. ಅಂದರೆ ತಂದೆಯ ಮಾತಿನಲ್ಲೂ ಒಂದು ಪಾಲು ನಿಜವಿತ್ತು. ಅದನ್ನು ಅವರು ಗದರಿಸಿ ಹೇಳಿದಾಗ ಒಪ್ಪದ ಹುಡುಗಿ, ತನ್ನದೇ ಕೈಬರಹದಲ್ಲಿ ಕಂಡಾಗ ಯಾರೂ ಹೇಳದೆಯೇ ಮಣಿಕಟ್ಟಿನ ವ್ಯಾಯಾಮ ಶುರು ಮಾಡಿದಳು. ಸ್ಪರ್ಧೆಯಲ್ಲಿ ಪದಕವೇನೂ ಬರಲಿಲ್ಲ. ಆದರೆ ಪಿಸ್ತೂಲು ಒಂದು ಸಲವೂ ನಿಲ್ಲಲಿಲ್ಲ. ಅದು ಮಾರಾಟವೂ ಆಗಲಿಲ್ಲ.

ಯಂತ್ರವನ್ನು ನಂಬಬೇಕಾದರೂ ಎಣಿಸಿಯೇ ನಂಬಬೇಕು. 1911ರಲ್ಲಿ ಅಮೆರಿಕದ ಸೇನೆ ಜಾನ್ ಬ್ರೌನಿಂಗ್ ರೂಪಿಸಿದ ಪಿಸ್ತೂಲನ್ನು ಒಪ್ಪುವ ಮೊದಲು 6000 ಗುಂಡು ಹೊಡೆಸಿ ನೋಡಿತು. ಕಾದಾಗ ನೀರಿನಲ್ಲಿ ಅದ್ದಿ ಮತ್ತೆ ಹೊಡೆಸಿದರು. ಅದು ಒಮ್ಮೆಯೂ ಕೈಕೊಡಲಿಲ್ಲ. ನಮ್ಮ ಮನು ಭಾಕರ್ ಕಥೆಯೂ ನೆನಪಾಗುತ್ತದೆ. 2021ರ ಟೋಕಿಯೊ ಒಲಿಂಪಿಕ್ಸಿನ 10 ಮೀಟರ್ ಏರ್ ಪಿಸ್ತೂಲು ಅರ್ಹತಾ ಸುತ್ತಿನಲ್ಲಿ ಆಕೆಯ ಪಿಸ್ತೂಲು ನಡುವೆಯೇ ಕೆಟ್ಟಿತು. ಅದು ಬೇರೆ ಬಗೆಯ ಪಿಸ್ತೂಲು, ದೋಷವೂ ಬೇರೆ. ದುರಸ್ತಿಗೆ ಅಮೂಲ್ಯ ಸಮಯ ಹೋಯಿತು. 575 ಅಂಕಗಳೊಂದಿಗೆ ಆಕೆ 12ನೆಯ ಸ್ಥಾನಕ್ಕಿಳಿದು ಫೈನಲ್ ತಪ್ಪಿಸಿಕೊಂಡರು. ಕೈಯನ್ನೇ ದೂರಿ ಅಲ್ಲಿಗೇ ಮನೆಗೆ ಕೂರಿಸಿದ್ದರೆ, 2024ರಲ್ಲಿ ಪ್ಯಾರಿಸ್ಸಿನಿಂದ ಬಂದ ಎರಡು ಕಂಚಿನ ಪದಕ ಎಲ್ಲಿರುತ್ತಿದ್ದವು?

ಈಗ ಪೋಷಕರಿಗೆ ಒಂದು ಮಾತು. ಮಗ ಗಣಿತದಲ್ಲಿ ನಲವತ್ತು ತಂದ ಎಂದಿಟ್ಟುಕೊಳ್ಳಿ. ನಾವೇನು ಮಾಡುತ್ತೇವೆ? ಟ್ಯೂಷನ್ ಬದಲಿಸುತ್ತೇವೆ, ಕ್ರಿಕೆಟ್ ನಿಲ್ಲಿಸುತ್ತೇವೆ, ಮೊಬೈಲು ಕಿತ್ತುಕೊಳ್ಳುತ್ತೇವೆ, ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸುತ್ತೇವೆ. ಎಲ್ಲವೂ ಒಂದೇ ದಿನ! ಮುಂದಿನ ಸಲ ಅಂಕ ಏರಿದರೂ ಯಾವುದರಿಂದ ಏರಿತೆಂದು ತಿಳಿಯದು, ಇಳಿದರೂ ತಿಳಿಯದು. ಉತ್ತರಪತ್ರಿಕೆ ಬಿಡಿಸಿ ನೋಡಿದರೆ, ಪ್ರಶ್ನೆ ಅರ್ಥವಾಗಿಲ್ಲವೋ, ಸೂತ್ರ ಮರೆತಿದೆಯೋ, ಕೂಡುವುದರಲ್ಲಿ ತಪ್ಪಿದೆಯೋ, ಸಮಯವೇ ಸಾಲದೆ ಹೋಯಿತೋ ಗೊತ್ತಾಗುತ್ತದೆ. ಕೆಲವೊಮ್ಮೆ ಹಿಂದಿನ ಬೆಂಚಿನಿಂದ ಕಪ್ಪುಹಲಗೆಯೇ ಕಾಣುತ್ತಿರುವುದಿಲ್ಲ. ಬೇಕಾದದ್ದು ಬೈಗುಳವಲ್ಲ, ಕನ್ನಡಕ.

ವಿದ್ಯಾರ್ಥಿಗಳೇ, ನಿಮಗೂ ಹೇಳಬೇಕು. ನೆಲ ಡೊಂಕು ಎಂದು ಹೇಳಲು ಅಂಜಬೇಡಿ. ಆದರೆ ಎಲ್ಲಿ ಡೊಂಕು, ಎಷ್ಟು ಡೊಂಕು ಎಂದು ಅಳೆದು ಬರೆದಿಟ್ಟು ಹೇಳಿ. ಅಳೆಯುವಾಗ ನಿಮ್ಮ ಹೆಜ್ಜೆಯನ್ನೂ ಸೇರಿಸಿಕೊಳ್ಳಿ. ಇನ್ನೂರು ಪುಟದ ನೋಟ್‌ಬುಕ್ಕಿಗೆ ಹೆಚ್ಚೇನೂ ಖರ್ಚಾಗುವುದಿಲ್ಲ.